ಕಲ್ಲುಗಳು ಕಾದ ನದಿ

ಮೊದಲು ಕೇಳಿಸಿದ್ದು ಸದ್ದು, ನದಿ ಕಂಡದ್ದು ಆಮೇಲೆ. ಕಿನ್ಶಾಸಾ ನಗರದ ಪಶ್ಚಿಮದ ಅಂಚಿನಲ್ಲಿ ಕಿನ್ಸುಕಾ ಎಂಬ ಜಾಗ. ಟ್ಯಾಕ್ಸಿ ಇಳಿದು, ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಜಲ್ಲಿ ಒಡೆಯುತ್ತಿದ್ದ ಹೆಂಗಸರನ್ನು ದಾಟಿ ನಡೆಯುತ್ತಿದ್ದೆ. ಅಂಗಾಲಿಗೆ ಸಣ್ಣ ನಡುಕ ತಾಗಿತು. ಗುಡುಗಿರಬೇಕೆಂದು ತಲೆ ಎತ್ತಿದರೆ ಆಕಾಶದಲ್ಲಿ ಮೋಡವಿರಲಿಲ್ಲ. ಇನ್ನು ಹತ್ತು ಹೆಜ್ಜೆ ಹಾಕಿ ಒಂದು ಬಂಡೆಯ ಮಗ್ಗುಲಿಗೆ ಬಂದಾಗ ಕಾಂಗೋ ಎದುರಿಗೇ ಇತ್ತು. ಊರಿನ ಮೇಲ್ಗಡೆ ಸಮುದ್ರದಂತೆ ಹರಡಿಕೊಂಡು, ಹರಿಯುತ್ತಿದೆಯೋ ನಿಂತಿದೆಯೋ ಗೊತ್ತಾಗದಷ್ಟು ಸಾವಧಾನದಿಂದ ಬಂದ ನೀರು ಇಲ್ಲಿ ಕಲ್ಲುಗಳ ನಡುವೆ ಸಿಕ್ಕಿ ಹುಚ್ಚೆದ್ದಿತ್ತು. ನಮ್ಮ ಜೋಗದ ಹಾಗೆ ಮೇಲಿನಿಂದ ಧುಮುಕುವ ನೀರು ಇದಲ್ಲ. ಅಡ್ಡಡ್ಡ ನುಗ್ಗುತ್ತದೆ, ಒಂದರ ಬೆನ್ನ ಮೇಲೊಂದು ಏರುತ್ತದೆ, ಹಿಂತಿರುಗಿ ತನ್ನ ಮೇಲೇ ಬೀಳುತ್ತದೆ. ದೊಡ್ಡದೊಂದು ಅಲೆ ಇದ್ದ ಜಾಗದಲ್ಲೇ ಉರುಳುತ್ತಿತ್ತು, ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಅರ್ಧ ಗಂಟೆ ಅದೊಂದನ್ನೇ ನೋಡುತ್ತ ನಿಂತೆ.

ನೀರಿನ ಲೆಕ್ಕವನ್ನು ಟಿಎಂಸಿಯಲ್ಲಿ ಹೇಳಿದರೆ ನಮ್ಮ ಮನಸ್ಸಿಗೆ ಬೇಗ ಹತ್ತುತ್ತದೆ. ಕಾಂಗೋ ನದಿ ಸರಾಸರಿ ಸೆಕೆಂಡಿಗೆ 41,000 ಘನ ಮೀಟರ್ ನೀರು ತರುತ್ತದೆ. ಎಂದರೆ ದಿನಕ್ಕೆ ಸುಮಾರು 125 ಟಿಎಂಸಿ. ಬರಿದಾದ ಕೆಆರ್‌ಎಸ್ ಜಲಾಶಯವನ್ನು ಇದಕ್ಕೆ ಒಡ್ಡಿದರೆ ಹತ್ತು ಗಂಟೆಯೊಳಗೆ ತುಂಬುತ್ತದೆ. ಕಾವೇರಿ ಕೊಳ್ಳದ ಒಂದು ವರ್ಷದ ನೀರೆಂದು ನ್ಯಾಯಮಂಡಳಿ ಲೆಕ್ಕ ಹಾಕಿದ 740 ಟಿಎಂಸಿ ಇಲ್ಲಿ ಆರು ದಿನದ ಹರಿವು. ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ನೀರಿರುವುದು ಅಮೆಜಾನ್‌ನಲ್ಲಿ ಮಾತ್ರ.

ಕಿನ್ಸುಕಾದಿಂದ ಕೆಳಗೆ ಮತಾಡಿ ಎಂಬ ಬಂದರಿನವರೆಗೆ ಸುಮಾರು 350 ಕಿಲೋಮೀಟರ್ ದೂರ ಹೀಗೇ. ಮೂವತ್ತಕ್ಕೂ ಹೆಚ್ಚು ಕಡೆ ಕಲ್ಲು, ಸುಳಿ, ಇಳಿಜಾರು. ಅಷ್ಟು ದೂರದಲ್ಲಿ ನದಿ ಸುಮಾರು 270 ಮೀಟರ್ ಕೆಳಗಿಳಿಯುತ್ತದೆ. ಯಾವ ಹಡಗೂ ಇದನ್ನು ಹತ್ತಿ ಬರಲಾರದು. ಆದರೆ ಕಿನ್ಶಾಸಾದಿಂದ ಮೇಲೆ ಕಿಸಂಗಾನಿ ನಗರದವರೆಗೆ 1,700 ಕಿಲೋಮೀಟರಿಗೂ ಹೆಚ್ಚು ದೂರ ಒಂದೇ ಒಂದು ಬಂಡೆಯ ಅಡ್ಡಿಯಿಲ್ಲ. ಮನೆಯ ಒಳಗೆ ಅಷ್ಟು ದೊಡ್ಡ ಪಡಸಾಲೆ, ಹೊಸ್ತಿಲಲ್ಲಿ ಮಾತ್ರ ಕಲ್ಲಿನ ರಾಶಿ. ಕಾಂಗೋ ನದಿಯ ಚರಿತ್ರೆಯನ್ನು ಬರೆದದ್ದು ಈ ಹೊಸ್ತಿಲು ಎಂದು ನನಗೆ ಅವತ್ತೇ ಅನ್ನಿಸಿತು. ಮೊದಲು ಪಡಸಾಲೆ ನೋಡಿ ಬರೋಣವೆಂದು ಹೊರಟೆ.

ಕಿನ್ಶಾಸಾದ ಎದುರಿಗೆ ನದಿ ಹಿಗ್ಗಿ ಮಲೆಬೋ ಪೂಲ್ ಎಂಬ ಸರೋವರದಂತಾಗಿದೆ. ಆಚೆ ದಡದಲ್ಲಿ ಬ್ರಾಜಾವಿಲ್ ನಗರ. ಅದು ಇನ್ನೊಂದು ದೇಶ, ಇನ್ನೊಂದು ರಾಜಧಾನಿ. ರಾತ್ರಿ ಅಲ್ಲಿಯ ದೀಪಗಳನ್ನು ಎಣಿಸಬಹುದು, ಆದರೂ ನಡುವೆ ಸೇತುವೆಯಿಲ್ಲ. ನದಿಯ ಮೇಲೆ ನೇರಳೆ ಹೂವಿನ ಜಲಕಳೆಯ ನಡುಗಡ್ಡೆಗಳು ತೇಲಿ ಬರುತ್ತಿರುತ್ತವೆ. ನಮ್ಮ ಕೆರೆಗಳನ್ನು ಮುಚ್ಚಿರುವ ಅದೇ ಕಳೆ. ದಕ್ಷಿಣ ಅಮೆರಿಕದ ಈ ಗಿಡ 1950ರ ದಶಕದಲ್ಲಿ ಇಲ್ಲಿ ಕಾಣಿಸಿಕೊಂಡಾಗ ಜನ ಅದನ್ನು ‘ಕಾಂಗೋ ಯಾ ಸಿಕಾ’, ಹೊಸ ಕಾಂಗೋ, ಎಂದು ಕರೆದರಂತೆ.

ನಾನು ಹತ್ತಿದ್ದು ಬಲೆನಿಯೇರ್ ಎಂಬ ಉದ್ದನೆಯ ಮರದ ದೋಣಿ. ಹಿಂದೆ ಎಂಜಿನ್, ಮೇಲೆ ಟಾರ್ಪಾಲು, ಕೆಳಗೆ ಸಿಮೆಂಟ್ ಮೂಟೆ, ಬಿಯರ್ ಕ್ರೇಟು, ಸೋಪಿನ ಪೆಟ್ಟಿಗೆ, ಹಳೆಯ ಬಟ್ಟೆಯ ಬೇಲು. ಅದರ ಮೇಲೆ ನಾವು ನೂರಕ್ಕೂ ಹೆಚ್ಚು ಜನ. ಇಂಥ ದೋಣಿಗಳು ಹೆಚ್ಚು ಭಾರ ಹೇರಿಕೊಂಡು ಮಗುಚುವುದು ಇಲ್ಲಿ ಪದೇ ಪದೇ ನಡೆಯುವ ಅನಾಹುತ. ಗೊತ್ತಿದ್ದೂ ಹತ್ತಿದೆ, ಏಕೆಂದರೆ ಗೊತ್ತಿದ್ದೂ ಎಲ್ಲರೂ ಹತ್ತುತ್ತಾರೆ. ವಿಮಾನಕ್ಕೆ ದುಡ್ಡಿಲ್ಲದವರಿಗೆ ಒಳನಾಡಿಗೆ ಬೇರೆ ದಾರಿಯೆಂಬುದೇ ಇಲ್ಲ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಮಗುವನ್ನು ನನ್ನ ಮಡಿಲಿಗೆ ಹಾಕಿ, ‘ಪಾಪಾ, ಸ್ವಲ್ಪ ಹಿಡ್ಕೊಳ್ಳಿ’ ಎಂದು ಒಲೆ ಹೊತ್ತಿಸಲು ಹೋದಳು. ವಯಸ್ಸಾದ ಗಂಡಸರೆಲ್ಲ ಇಲ್ಲಿ ಪಾಪಾ, ಹೆಂಗಸರೆಲ್ಲ ಮಾಮಾ. ಆ ಒಂದು ಮಾತಿನಿಂದ ನಾನು ದೋಣಿಯವನಾದೆ.

ಆರು ದಿನದ ಆ ಪ್ರಯಾಣದಲ್ಲಿ ನಾನು ಹೆಚ್ಚು ನೋಡಿದ್ದು ದೋಣಿಯ ಮೂತಿಯಲ್ಲಿ ನಿಂತಿದ್ದ ಇಬ್ಬರು ಹುಡುಗರನ್ನು. ಎಡಕ್ಕೊಬ್ಬ, ಬಲಕ್ಕೊಬ್ಬ. ಇಬ್ಬರ ಕೈಯಲ್ಲೂ ಗುರುತು ಹಾಕಿದ ಉದ್ದನೆಯ ಗಳ. ನೀರಿಗೆ ಗಳ ಇಳಿಸುವುದು, ತಳ ತಾಗಿತೇ ನೋಡುವುದು, ಎತ್ತುವುದು, ಮತ್ತೆ ಇಳಿಸುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕೆಲಸ. ಕಿಲೋಮೀಟರುಗಟ್ಟಲೆ ಅಗಲವಿರುವ ನದಿಯಲ್ಲಿ ಆಳ ಅಳೆಯುವುದೇಕೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಎರಡೂ ದಡ ಕಾಣದಷ್ಟು ವಿಸ್ತಾರದ ನಡುವೆ, ಎಡಗಡೆಯ ಹುಡುಗ ಒಮ್ಮೆಲೇ ಕೈ ಎತ್ತಿದ. ಚುಕ್ಕಾಣಿಯವನು ದೋಣಿಯನ್ನು ಬಲಕ್ಕೆ ಎಳೆದ. ಬಗ್ಗಿ ನೋಡಿದೆ. ಒಂದು ಮಾರು ಆಚೆ, ಮೊಣಕಾಲು ಮಟ್ಟದ ನೀರಿನ ಕೆಳಗೆ, ಮರಳಿನ ದಿಬ್ಬ ಹಳದಿಯಾಗಿ ಹೊಳೆಯುತ್ತಿತ್ತು. ಅದರ ಮೇಲೊಂದು ಬಿಳಿಯ ಹಕ್ಕಿ ನಿಂತಿತ್ತು. ಮರಳು ಪ್ರತಿ ವರ್ಷ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷಕ್ಕೆ ಆಗುವುದಿಲ್ಲ. ಹುಡುಗನ ಅಂಗೈ ಮುಟ್ಟಿ ನೋಡಿದೆ. ಒಣಗಿದ ತೊಗಲಿನಂತೆ ಗಡುಸಾಗಿತ್ತು. ‘ನದಿ ಪ್ರತಿದಿನ ಬೇರೆ, ಪಾಪಾ’ ಎಂದ. ‘ನೆನಪಿಟ್ಟುಕೊಂಡವನು ಮುಳುಗುತ್ತಾನೆ, ಮುಟ್ಟಿ ನೋಡಿದವನು ಬದುಕುತ್ತಾನೆ.’

ಕಿನ್ಶಾಸಾ ಬಿಟ್ಟ ಮೇಲೆ ಮೊದಲ ಇನ್ನೂರು ಕಿಲೋಮೀಟರ್ ನದಿ ಗುಡ್ಡಗಳ ನಡುವಿನ ಓಣಿಯಲ್ಲಿ ಬರುತ್ತದೆ. ಆ ಓಣಿಯಲ್ಲೇ ಕ್ವಾಮೌತ್ ಎಂಬಲ್ಲಿ ದಕ್ಷಿಣದಿಂದ ಕಸಾಯಿ ನದಿ ಸೇರುತ್ತದೆ. ಆ ಸಂಗಮದಲ್ಲಿ ನನಗೆ ಹಿರೋಶಿಮಾ ನೆನಪಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟಂಗಾ ಪ್ರಾಂತ್ಯದ ಶಿಂಕೊಲೊಬ್ವೆ ಗಣಿಯ ಯುರೇನಿಯಂ ಅದಿರು ರೈಲಿನಲ್ಲಿ ಕಸಾಯಿ ದಡಕ್ಕೆ ಬಂದು, ಅಲ್ಲಿಂದ ನಾಡದೋಣಿಗಳು ಓಡಾಡುವ ಇದೇ ನೀರಿನ ಮೇಲೆ ಬಾರ್ಜುಗಳಲ್ಲಿ ಕಿನ್ಶಾಸಾಕ್ಕೆ ಇಳಿದು, ಮತ್ತೆ ರೈಲು ಹತ್ತಿ ಮತಾಡಿಯಲ್ಲಿ ಅಮೆರಿಕದ ಹಡಗು ಸೇರುತ್ತಿತ್ತು. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನಲ್ಲಿ ಬಹುಪಾಲು ಆ ಗಣಿಯದು. ತಾವು ಹೊತ್ತ ಚೀಲದಲ್ಲಿ ಏನಿದೆಯೆಂದು ಹೊತ್ತ ಕೂಲಿಗಳಿಗೆ ಯಾರೂ ಹೇಳಿರಲಿಲ್ಲ.

ಬೊಲೊಬೊ ಊರಿನ ಹತ್ತಿರ ಗುಡ್ಡಗಳು ಹಿಂದೆ ಸರಿದು ನದಿ ಮೈಬಿಚ್ಚಿತು. ಎಲ್ಲಿ ನೋಡಿದರೂ ದ್ವೀಪಗಳು, ದ್ವೀಪಗಳ ನಡುವೆ ಕವಲುಗಳು, ಕವಲುಗಳ ಆಚೆ ಕಾಡು. ಸಣ್ಣ ಮರದ ದೋಣಿಗಳಲ್ಲಿ ಹೆಂಗಸರು ಹುಟ್ಟು ಹಾಕುತ್ತ ಬಂದು, ನಮ್ಮ ದೋಣಿ ನಿಲ್ಲುವ ಮೊದಲೇ ಹಗ್ಗ ಬಿಗಿದು ಮೇಲೆ ಹತ್ತುತ್ತಿದ್ದರು. ಹೊಗೆ ಹಾಕಿ ಒಣಗಿಸಿದ ಮೀನು, ಬಾಳೆಗೊನೆ, ಬುಟ್ಟಿ ತುಂಬ ಕಂಬಳಿಹುಳು, ಎಲೆಯಲ್ಲಿ ಸುತ್ತಿದ ಕ್ವಾಂಗಾ. ಮರಗೆಣಸನ್ನು ನೀರಲ್ಲಿ ಕೊಳೆಹಾಕಿ, ಹುಳಿ ಬಂದ ಮೇಲೆ ನಾದಿ, ಎಲೆ ಸುತ್ತಿ ಬೇಯಿಸಿದರೆ ಕ್ವಾಂಗಾ. ವಾರಗಟ್ಟಲೆ ಕೆಡುವುದಿಲ್ಲ, ನದಿಯ ಮೇಲೆ ಬದುಕುವವರ ಬುತ್ತಿ ಇದು. ಮಸಾಲೆ ಹಚ್ಚಿದ ಮೀನನ್ನು ಅಗಲ ಎಲೆಯಲ್ಲಿ ಪೊಟ್ಟಣ ಕಟ್ಟಿ ಕೆಂಡದ ಮೇಲೆ ಬೇಯಿಸಿದ ಲಿಬೊಕೆ ಜೊತೆಗಿದ್ದರೆ ಬೇರೇನೂ ಬೇಡ. ಇಷ್ಟು ಮೀನಿನ ನದಿಯ ದಡದಲ್ಲಿದ್ದೂ ಕಿನ್ಶಾಸಾದ ಬಡವರು ತಿನ್ನುವುದು ದೂರದ ಕಡಲಿನಿಂದ ಹಿಮಗಟ್ಟಿಸಿ ತಂದ ‘ಥಾಮ್ಸನ್’ ಮೀನು. ಇಲ್ಲಿಯ ಮೀನು ಅಲ್ಲಿಗೆ ತಲುಪಬೇಕಾದರೆ ಇಂಥದ್ದೇ ದೋಣಿ, ಇಷ್ಟೇ ದಿನ ಬೇಕಲ್ಲ.

ದೋಣಿಯವರೆಲ್ಲ ಆಡುತ್ತಿದ್ದ ಲಿಂಗಾಲ ಭಾಷೆ ಹುಟ್ಟಿದ್ದೇ ಈ ನೀರಿನ ಮೇಲೆ. ಬೊಬಾಂಗಿ ವರ್ತಕರು ದಡದಿಂದ ದಡಕ್ಕೆ ವ್ಯಾಪಾರಕ್ಕೆ ಹೋಗುತ್ತ ಬಳಸಿದ ಮಾತು ಬೆಳೆದು ಇಂದು ಕೋಟ್ಯಂತರ ಜನರ ನುಡಿಯಾಗಿದೆ, ಜಗತ್ತು ಕುಣಿಯುವ ಕಾಂಗೋ ರುಂಬಾ ಹಾಡುಗಳ ನುಡಿಯಾಗಿದೆ.

ಐದನೆಯ ದಿನ ಉತ್ತರದಿಂದ ಬರುವ ಉಬಾಂಗಿ ನದಿಯ ಬಾಯಿ ದಾಟಿದೆವು. ಕಾಂಗೋ ನದಿ ವರ್ಷವಿಡೀ ತುಂಬಿರುವುದರ ಗುಟ್ಟು ಇಲ್ಲಿದೆ. ಜಾಂಬಿಯಾದ ಎತ್ತರದಲ್ಲಿ ಚಂಬೇಶಿ ಎಂಬ ಹೊಳೆಯಾಗಿ ಹುಟ್ಟಿ, ಸರೋವರಗಳನ್ನು ಹಾದು, ಲುವಾಲಾಬಾ ಎಂಬ ಹೆಸರಿನಲ್ಲಿ ಉತ್ತರಕ್ಕೆ ನಡೆದು, ಭೂಮಧ್ಯರೇಖೆಯನ್ನು ದಾಟಿ, ದೊಡ್ಡ ಬಿಲ್ಲಿನಂತೆ ಬಾಗಿ, ಅದೇ ರೇಖೆಯನ್ನು ಮತ್ತೊಮ್ಮೆ ದಾಟಿ ದಕ್ಷಿಣಕ್ಕಿಳಿಯುತ್ತದೆ. ಒಟ್ಟು ಸುಮಾರು 4,700 ಕಿಲೋಮೀಟರ್. ರೇಖೆಯ ಎರಡೂ ಬದಿಯ ಮಳೆ ಇದಕ್ಕೇ ಸೇರಬೇಕು. ಅಲ್ಲಿ ಮಳೆ ನಿಂತಾಗ ಇಲ್ಲಿ ಹಿಡಿದಿರುತ್ತದೆ. ಉಬಾಂಗಿ ಇಳಿಯುವಾಗ ಕಸಾಯಿ ಏರುತ್ತದೆ. ಜೂನ್ ತಿಂಗಳ ಮೋಡಕ್ಕಾಗಿ ಕಾದು ಕಾದು ಬೆಳೆದ ನನಗೆ, ಮಳೆಗಾಲವೇ ಮುಗಿಯದ ನದಿಯೊಂದಿದೆ ಎಂಬುದು ಕತೆಯಲ್ಲಿ ಕೇಳಿದ ಮಾತಿನಂತೆ ಇತ್ತು.

ಈ ಬಿಲ್ಲಿನ ಬಾಗು ಜೀವಗಳನ್ನೂ ಬೇರೆ ಮಾಡಿದೆ. ನದಿಯ ಉತ್ತರಕ್ಕೆ ಚಿಂಪಾಂಜಿಗಳು, ದಕ್ಷಿಣಕ್ಕೆ ಬೊನೊಬೊಗಳು. ಒಂದೇ ಮೂಲದವು, ಎರಡಕ್ಕೂ ಈಜು ಬಾರದು. ಹತ್ತಾರು ಲಕ್ಷ ವರ್ಷ ಈ ನೀರು ನಡುವೆ ನಿಂತು ಎರಡು ಜಾತಿಯಾದವು. ಬೊನೊಬೊಗಳು ಕಾಡಿನಲ್ಲಿ ಬದುಕಿರುವುದು ಪ್ರಪಂಚದಲ್ಲಿ ಈ ಎಡದಂಡೆಯಲ್ಲಿ ಮಾತ್ರ. ಇನ್ನು ನಮ್ಮ ಎರಡೂ ಬದಿಗೆ ಹಬ್ಬಿದ್ದ ಜೌಗು ಕಾಡಿನ ಕೆಳಗೆ ಏನಿದೆಯೆಂದು 2017ರವರೆಗೆ ಲೋಕಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಆ ವರ್ಷ ಆಫ್ರಿಕಾದ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೆಸರಿನಲ್ಲಿ ಸೊಂಟದವರೆಗೆ ಇಳಿದು ಮಾಡಿದ ಅಳತೆಯ ಲೆಕ್ಕ ಹೊರಬಂತು: 1,45,500 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಮುಕ್ಕಾಲು ಪಾಲು ವಿಸ್ತಾರದಲ್ಲಿ, ಕೊಳೆಯದೆ ಉಳಿದ ಎಲೆಕಡ್ಡಿಗಳ ಪೀಟ್ ಮಣ್ಣು. ಅದರಲ್ಲಿ ಹುದುಗಿರುವ ಇಂಗಾಲ ಸುಮಾರು 3,000 ಕೋಟಿ ಟನ್. ಈ ಜೌಗು ಒಣಗಿದರೆ ಅದರ ಬಿಸಿ ತಟ್ಟದ ಊರು ಭೂಮಿಯ ಮೇಲೆ ಇರುವುದಿಲ್ಲ.

ಎಂಬಂಡಾಕಾ ತಲುಪಿದಾಗ ಸಂಜೆಯಾಗಿತ್ತು. ಭೂಮಧ್ಯರೇಖೆ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಇಲ್ಲಿ ರುಕಿ ಎಂಬ ಉಪನದಿ ಸೇರುತ್ತದೆ. ಬೊಗಸೆಯಲ್ಲಿ ಅದರ ನೀರು ಎತ್ತಿದೆ. ಹಾಲಿಲ್ಲದ ಚಹಾದ ಬಣ್ಣ. ಕೈಯನ್ನು ಮೊಣಕೈವರೆಗೆ ಮುಳುಗಿಸಿದೆ; ಬೆರಳುಗಳು ಮಾಯವಾದವು. ಕಾಡಿನ ಎಲೆ ತೊಗಟೆಗಳೆಲ್ಲ ನೆನೆದು ಬಿಟ್ಟ ಕಷಾಯ ಅದು. ಲೋಕದ ಅತ್ಯಂತ ಕಪ್ಪು ನದಿಗಳಲ್ಲಿ ಒಂದು. ಬೂದುಗಂದು ಕಾಂಗೋ ಪಕ್ಕದಲ್ಲಿ ಆ ಕಪ್ಪು ನೀರು ಸ್ವಲ್ಪ ದೂರ ಬೆರೆಯದೆ ಹರಿಯುವುದನ್ನು ದಡದಲ್ಲಿ ಕೂತು ಕತ್ತಲಾಗುವವರೆಗೆ ನೋಡಿದೆ.

ಆದರೆ ಎಂಬಂಡಾಕಾದಲ್ಲಿ ಕೂತವನಿಗೆ ಬರೀ ಸೊಬಗು ನೋಡಿ ಏಳಲು ಆಗುವುದಿಲ್ಲ. ಇಲ್ಲಿಂದ ಮೇಲಿನ ಉಪನದಿಗಳ ದಡವೆಲ್ಲ ರಬ್ಬರಿನ ನಾಡು. ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್ 1885ರಲ್ಲಿ ಈ ಕೊಳ್ಳದ ಬಹುಭಾಗವನ್ನು, ತನ್ನ ದೇಶದ ಎಪ್ಪತ್ತು ಎಂಬತ್ತು ಪಟ್ಟು ನೆಲವನ್ನು, ತನ್ನ ಸ್ವಂತ ಆಸ್ತಿ ಮಾಡಿಕೊಂಡ. ಕಾಡುಬಳ್ಳಿಯ ರಬ್ಬರ್ ಇಷ್ಟು ತರಬೇಕೆಂದು ಅವನ ಅಧಿಕಾರಿಗಳು ಊರೂರಿಗೆ ಲೆಕ್ಕ ಕಟ್ಟಿದರು. ತರದವರ ಹೆಂಡತಿಯರನ್ನು ಒತ್ತೆಯಿಟ್ಟರು, ಕೊಂದರು, ಕೊಂದದ್ದಕ್ಕೆ ಗುರುತಾಗಿ ಕೈ ಕತ್ತರಿಸಿ ಬುಟ್ಟಿಯಲ್ಲಿ ತಂದರು. 1904ರಲ್ಲಿ ಬರಿಂಗಾ ಎಂಬ ಊರಿನಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಹಿಳೆ ತೆಗೆದ ಫೋಟೊ ಒಂದಿದೆ. ಎನ್ಸಾಲಾ ಎಂಬ ತಂದೆ ಜಗಲಿಯ ಮೇಲೆ ಕೂತಿದ್ದಾನೆ. ಅವನ ಮುಂದೆ ಐದು ವರ್ಷದ ಮಗಳ ಒಂದು ಕೈ, ಒಂದು ಪಾದ. ಅವನು ಅಳುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾನೆ. ಆ ಬರಿಂಗಾದ ನೀರೂ ಹರಿದು ಬರುವುದು ನಾನು ಕೂತಿದ್ದ ಈ ದಡದ ಮುಂದೆಯೇ. ಬ್ರಿಟನ್ನಿನ ಕಾನ್ಸಲ್ ರೋಜರ್ ಕೇಸ್ಮೆಂಟ್ 1903ರಲ್ಲಿ ದೋಣಿಯಲ್ಲಿ ಈ ಊರುಗಳನ್ನೆಲ್ಲ ಸುತ್ತಿ ಬರೆದ ವರದಿ, ಪತ್ರಕರ್ತ ಇ. ಡಿ. ಮೊರೆಲ್ ನಡೆಸಿದ ಹೋರಾಟ, ಇಂಥ ಚಿತ್ರಗಳು ಸೇರಿ 1908ರಲ್ಲಿ ಆ ಆಸ್ತಿಯನ್ನು ದೊರೆಯ ಕೈಯಿಂದ ಬಿಡಿಸಿದವು. ಅಷ್ಟರಲ್ಲಿ ಲಕ್ಷಾಂತರ ಜನ ಹೋಗಿದ್ದರು.

ಪಡಸಾಲೆಯ ಒಳಗೆ ಇಷ್ಟೆಲ್ಲ ನಡೆಯಬೇಕಾದರೆ ಯೂರೋಪಿನವರು ಹೊಸ್ತಿಲು ದಾಟಿದ್ದು ಹೇಗೆ? ಅದನ್ನು ನೋಡಲು ವಿಮಾನದಲ್ಲಿ ಕಿನ್ಶಾಸಾಕ್ಕೆ ಹಿಂತಿರುಗಿ, ರಸ್ತೆ ಹಿಡಿದು ಮತಾಡಿಗೆ ಇಳಿದೆ.

ಮತಾಡಿ ಎಂದರೆ ಕಿಕೊಂಗೋ ಭಾಷೆಯಲ್ಲಿ ಕಲ್ಲುಗಳು ಎಂದೇ ಅರ್ಥ. ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಊರು. ಕೆಳಗೆ ಸಮುದ್ರದ ಹಡಗುಗಳು ನಿಂತಿರುತ್ತವೆ; ಅವುಗಳ ದಾರಿ ಅಲ್ಲಿಗೆ ಮುಗಿಯಿತು. ಜಪಾನಿನ ನೆರವಿನಿಂದ 1983ರಲ್ಲಿ ಕಟ್ಟಿದ ತೂಗುಸೇತುವೆ ನದಿಯ ಮೇಲೆ ಕೆಂಪಗೆ ಚಾಚಿದೆ. ಕಿಸಂಗಾನಿಯಿಂದ ಕಡಲಿನವರೆಗೆ ಕಾಂಗೋ ನದಿಗಿರುವ ಸೇತುವೆ ಇದೊಂದೇ. ಊರಿನಿಂದ ತುಸು ಮೇಲೆ, ಮ್ಪೋಜೊ ಎಂಬ ಉಪನದಿ ಬಂದು ಸೇರುವ ಕಡೆ, ಯೆಲ್ಲಾಲಾದ ಬಂಡೆಗಳಿವೆ. ಅಲ್ಲಿಗೆ ಕರೆದೊಯ್ದ ದೋಣಿಯವನು ನೀರಿನ ಅಬ್ಬರ ನೋಡಿ ಅರ್ಧಕ್ಕೇ ನಿಲ್ಲಿಸಿದ. ಉಳಿದದ್ದನ್ನು ಬಂಡೆ ಹತ್ತಿ, ಅಂಗೈ ತರಚಿಕೊಂಡು ಮುಟ್ಟಿದೆವು.

ನೀರಿನ ಮೇಲಕ್ಕೆ ಬಾಗಿ ನಿಂತ ಒಂದು ಬಂಡೆಯ ಮುಖ. ಅದರ ಮೇಲೆ ಪೋರ್ಚುಗಲ್ಲಿನ ರಾಜಲಾಂಛನ, ಒಂದು ಶಿಲುಬೆ, ಮತ್ತು ಅಕ್ಷರಗಳು. ದೊರೆ ಎರಡನೆಯ ಜೊವಾವ್‌ನ ಹಡಗುಗಳು ಇಲ್ಲಿಗೆ ಬಂದವೆಂಬ ಮಾತು. ಕೆಳಗೆ ಡಿಯೊಗೊ ಕಾವ್ ಮತ್ತು ಜೊತೆಗಾರರ ಹೆಸರುಗಳು. 1482ರಲ್ಲಿ ಈ ನದಿಯ ಬಾಯನ್ನು ಕಂಡ ಮೊದಲ ಯೂರೋಪಿನವನು ಅವನು. ಹತ್ತಿರದ ಜನರನ್ನು ಇದು ಯಾವುದೆಂದು ಕೇಳಿದಾಗ ಅವರು ‘ನ್ಜಾದಿ’ ಎಂದರು. ಎಲ್ಲ ನದಿಗಳನ್ನು ನುಂಗುವ ನದಿ ಎಂಬ ಅರ್ಥ ಆ ಹೆಸರಿನ ಹಿಂದಿದೆ. ಪೋರ್ಚುಗೀಸರ ಬಾಯಲ್ಲಿ ಅದು ಜೈರ್ ಆಯಿತು. ಸುಮಾರು ಐನೂರು ವರ್ಷದ ಮೇಲೆ 1971ರಲ್ಲಿ ಸರ್ವಾಧಿಕಾರಿ ಮೊಬುಟು ದೇಶಕ್ಕೂ ನದಿಗೂ ಅದೇ ಹೆಸರಿಟ್ಟ. 1997ರಲ್ಲಿ ಅವನು ಹೋದಾಗ ದೇಶದ ಹೆಸರೂ ಹೋಯಿತು. 1485ರ ಸುಮಾರಿಗೆ ಡಿಯೊಗೊ ಕಾವ್ ಮತ್ತೆ ಬಂದು, ಹತ್ತಲಾಗುವಷ್ಟು ನದಿ ಹತ್ತಿ, ಈ ಕಲ್ಲಿಗೆ ಬಂದು ನಿಂತ. ಮುಂದೆ ಹೋಗಲಾರದೆ ಹೆಸರು ಕೆತ್ತಿದ. ಅಕ್ಷರದ ತಗ್ಗಿನಲ್ಲಿ ಬೆರಳಿಟ್ಟೆ. ಕಲ್ಲು ಬಿಸಿಲಿಗೆ ಸುಡುತ್ತಿತ್ತು, ತುಂತುರಿಗೆ ಒದ್ದೆಯೂ ಆಗಿತ್ತು. ಕೆಲವು ಹೆಸರುಗಳ ಪಕ್ಕದಲ್ಲಿ ಸಣ್ಣ ಶಿಲುಬೆಯಿದೆ. ಕಾಯಿಲೆಯಿಂದ ಇಲ್ಲೇ ಸತ್ತವರವು ಎನ್ನುತ್ತಾರೆ.

ಕಲ್ಲು ಅವರನ್ನು ತಡೆದದ್ದು ನಿಜ, ಆದರೆ ದಡದ ಜನರನ್ನು ಉಳಿಸಲಿಲ್ಲ. ಇಲ್ಲಿ ಆಗಲೇ ಕಾಂಗೋ ಎಂಬ ರಾಜ್ಯವಿತ್ತು, ದೊರೆಯಿದ್ದ, ರಾಜಧಾನಿಯಿತ್ತು. 1526ರಲ್ಲಿ ಆ ರಾಜ್ಯದ ದೊರೆ ಮೊದಲನೆಯ ಅಫೊನ್ಸೊ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು, ನಿಮ್ಮ ವರ್ತಕರು ದಿನವೂ ನಮ್ಮ ಜನರನ್ನು, ಮನೆತನಸ್ಥರ ಮಕ್ಕಳನ್ನು, ನಮ್ಮ ಬಂಧುಗಳನ್ನು ಹಿಡಿದು ಮಾರುತ್ತಿದ್ದಾರೆ, ಇದು ನಿಲ್ಲಬೇಕು ಎಂದು ಕೇಳಿಕೊಂಡ. ನಿಲ್ಲಲಿಲ್ಲ. ಮುನ್ನೂರು ವರ್ಷ ಕಳೆದು 1816ರಲ್ಲಿ ಬ್ರಿಟನ್ನಿನ ನೌಕಾಪಡೆಯ ಟಕಿ ಬಂದ, ಯೆಲ್ಲಾಲಾ ದಾಟಿ ಸ್ವಲ್ಪ ದೂರ ನಡೆದು ಸೋತು ಸತ್ತ. ಕೊನೆಗೆ ಕಲ್ಲನ್ನು ಗೆದ್ದವನು ಬಂದದ್ದು ಹಿಂದುಗಡೆಯಿಂದ. ಜಾಂಜಿಬಾರಿನಿಂದ ಹೊರಟ ಅನ್ವೇಷಕ ಸ್ಟಾನ್ಲಿ ಖಂಡವನ್ನು ಅಡ್ಡ ಹಾಯ್ದು, ನದಿಯ ಜೊತೆ ಇಳಿದು, 999 ದಿನಗಳ ಮೇಲೆ 1877ರ ಆಗಸ್ಟ್ 9ರಂದು ಮತಾಡಿಯ ಕೆಳಗಿನ ಬೋಮಾ ತಲುಪಿದ. ಜೊತೆಗಿದ್ದ ಮೂವರು ಬಿಳಿಯರೂ ಸತ್ತಿದ್ದರು. ಕೊನೆಯವನಾದ ಫ್ರಾಂಕ್ ಪೊಕಾಕ್ ಇದೇ ಸುಳಿಗಳಲ್ಲಿ ಮುಳುಗಿದ್ದ. ಒಳಗೆ ಸಾವಿರಾರು ಕಿಲೋಮೀಟರ್ ಜಲಮಾರ್ಗವಿದೆಯೆಂಬ ಸುದ್ದಿ ಲಿಯೊಪೋಲ್ಡನಿಗೆ ಮುಟ್ಟಿತು. 1890ರಿಂದ 1898ರವರೆಗೆ ಎಂಟು ವರ್ಷ ಗುಡ್ಡ ಕಡಿದು ಮತಾಡಿಯಿಂದ ಮಲೆಬೋ ಪೂಲ್‌ವರೆಗೆ 366 ಕಿಲೋಮೀಟರ್ ರೈಲುಹಾದಿ ಹಾಕಿದರು. ಕಲ್ಲನ್ನು ಯಾರೂ ದಾಟಲಿಲ್ಲ, ಬಳಸಿ ಹೋದರು. ಆ ಹಾದಿಯಲ್ಲೇ ರಬ್ಬರ್ ಇಳಿಯಿತು.

ಮತಾಡಿಯಿಂದ ಸ್ವಲ್ಪ ಮೇಲೆ ಇಂಗಾ. ನದಿಯ ಒಂದು ಸಣ್ಣ ಎಳೆಯನ್ನು ಮಾತ್ರ ತಿರುಗಿಸಿ 1972ರಲ್ಲಿ ಒಂದು, 1982ರಲ್ಲಿ ಇನ್ನೊಂದು ವಿದ್ಯುದಾಗಾರ ಕಟ್ಟಿದ್ದಾರೆ. ಇಡೀ ನದಿಯನ್ನು ಬಳಸಿದರೆ 40,000 ಮೆಗಾವಾಟ್ ಸಿಗುತ್ತದೆಂಬ ಲೆಕ್ಕವಿದೆ. ಇಲ್ಲಿಂದ ಹೊರಟ ತಂತಿ ಸುಮಾರು 1,700 ಕಿಲೋಮೀಟರ್ ದೂರದ ಕಟಂಗಾದ ತಾಮ್ರದ ಗಣಿಗಳಿಗೆ ಹೋಗುತ್ತದೆ. ಆ ತಂತಿಯ ಕೆಳಗಿನ ಹಳ್ಳಿಯೊಂದರಲ್ಲಿ ನಾವು ಊಟ ಮಾಡಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಇದಕ್ಕೆ ತಾಂತ್ರಿಕ ಕಾರಣ ಹೇಳುವವರಿದ್ದಾರೆ. ಕಣ್ಣಾರೆ ಕಂಡ ನಾನು ಅನ್ಯಾಯ ಎನ್ನುತ್ತೇನೆ.

ಈ ಕಲ್ಲಿನ ಕಂದರದ ಕೆಲವು ಕಡೆ ನದಿಯ ಆಳ 220 ಮೀಟರ್. ಲೋಕದಲ್ಲಿ ಯಾವ ನದಿಗೂ ಇಷ್ಟು ಆಳವಿಲ್ಲ. ಅಲ್ಲಿ ಬಣ್ಣವೂ ಕಣ್ಣೂ ಇಲ್ಲದ ಒಂದು ಬಿಳಿ ಮೀನು ಸಿಗುತ್ತದೆ, ಸಿಗುವುದು ಹೆಚ್ಚಾಗಿ ಸತ್ತು ತೇಲಿದ್ದೇ. ಆಳದ ಒತ್ತಡದಿಂದ ಸುಳಿ ಮೇಲಕ್ಕೆ ಎಸೆದಾಗ ರಕ್ತದಲ್ಲಿ ಗುಳ್ಳೆ ಕಟ್ಟಿ ಸಾಯುತ್ತದಂತೆ. ಬೆಸ್ತರು ಅದನ್ನು ‘ಮೊಂದೆಲೆ ಬ್ಯೂರೊ’, ಕಚೇರಿಯೊಳಗಿನ ಬಿಳಿಯ, ಎಂದು ಕರೆಯುತ್ತಾರೆ.

ಕೊನೆಗೆ ಮುವಾಂಡಾ ಎಂಬ ಊರಿನಲ್ಲಿ ಕಡಲು ಕಂಡಿತು. ನದಿಯ ಕಂದು ನೀರು ದಿಗಂತದವರೆಗೂ ಸಮುದ್ರದ ಮೇಲೆ ಹಾಸಿಕೊಂಡಿತ್ತು. ದಡದಲ್ಲಿ ನಿಂತು, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ನದಿಯ ಬಾಯಿಯೊಳಗೇ ಶುರುವಾಗುವ ಕಂದರವೊಂದು ಕಡಲತಳದಲ್ಲಿ ಮುಂದುವರಿಯುತ್ತದೆ. 2020ರ ಜನವರಿಯಲ್ಲಿ, ದೊಡ್ಡ ನೆರೆಯ ಬೆನ್ನಿಗೆ, ನದಿ ತಂದು ರಾಶಿ ಹಾಕಿದ್ದ ಮರಳು ಕೆಸರೆಲ್ಲ ಅಲ್ಲಿ ಕುಸಿದು ಆ ಕಂದರದಲ್ಲಿ ಹರಿಯತೊಡಗಿತು. ಎರಡು ದಿನ, ಕತ್ತಲಲ್ಲಿ, ಯಾರಿಗೂ ಕಾಣದಂತೆ, ವೇಗ ಹೆಚ್ಚಿಸಿಕೊಳ್ಳುತ್ತ 1,100 ಕಿಲೋಮೀಟರಿಗಿಂತ ದೂರ ಹೋಯಿತು. ದಾರಿಯಲ್ಲಿದ್ದ ಇಂಟರ್ನೆಟ್ ಕೇಬಲ್‌ಗಳು ತುಂಡಾದವು. ಸಮುದ್ರದ ಕೆಳಗೆ ನದಿ ನಡೆದುಹೋದದ್ದು ಲೋಕಕ್ಕೆ ತಿಳಿದದ್ದು ಹಾಗೆ.